ಕಂಡೂ ಕಾಣದ ಆಟಗಳು

ವರ್ಷವೊಂದು ಮುಗಿಯುತ್ತಲೇ ಆ ವರ್ಷದಲ್ಲಿ ಹೊರಬಂದ ವಿಡಿಯೋ ಆಟಗಳಲ್ಲಿ ಉತ್ತಮವಾದುವು ಯಾವುವೆಂದು ಪಟ್ಟಿಮಾಡತಕ್ಕ ಪದ್ಧತಿಯು ಈಚೆಗೆ ಲೋಕದಲ್ಲೆಲ್ಲ ರೂಢಿಗೆ ಬಂದಿರುವುದು. ಕೋಟಿಗಟ್ಟಲೆ ಹಣ ಸುರಿದು ಮಾಡಿದ ಆಟಗಳಿಗೆ ಆ ಪಟ್ಟಿಗಳಲ್ಲಿ ಅಗ್ರಪೂಜೆ ಸಲ್ಲುವುದು. ಸಣ್ಣ ಕೈಗಳು ಶ್ರದ್ಧೆಯಿಂದ ಮಾಡಿದ ಆಟಗಳು ಸಂತೆಯ ಗದ್ದಲದಲ್ಲಿ ಕೊಳಲ ದನಿಯು ಅಡಗುವಂತೆ ಅಡಗಿಹೋಗುವುವು. ಆಟದ ಮಾತು ಮಕ್ಕಳ ಮಾತು, ಪ್ರೌಢರಾದ ವಾಚಕರಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಆದರೆ ಮಕ್ಕಳೂ ತರುಣರೂ ದಿನದಲ್ಲಿ ಎಷ್ಟು ಹೊತ್ತನ್ನು, ಯಾವುದರಲ್ಲಿ, ಯಾರೊಡನೆ ಕಳೆಯುತ್ತಾರೆಂಬುದು ಒಂದು ನಾಡಿನ ಮುಂದಿನ ಬಾಳಿಗೆ ಸೇರಿದ ವಿಷಯವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಅದು ಒಂದು ಹೋಬಳಿಯ ಕೇಂದ್ರ. ಸುತ್ತಲೂ ಕಬ್ಬು ಭತ್ತಗಳ ಸೀಮೆ. ಕಾಲಭೈರವೇಶ್ವರನ ಗುಡಿಯಿಂದಲೂ ಆ ದೇವರ ಬಸವನಿಂದಲೂ ಹೆಸರಾದ ಊರು. ಇಂಥ ಊರುಗಳಿಗೂ ಬೆಂಗಳೂರಿಗೂ ಅನೇಕ ವಿಷಯಗಳಲ್ಲಿ ಅಂತರವುಂಟು. ಆದರೆ ಕೈಯಲ್ಲಿ ಹಿಡಿದ ಫೋನಿನೊಳಗಣ ಆಟದಲ್ಲಿ ಅಂತರವಿಲ್ಲ. ರಾಜಧಾನಿಯ ಹುಡುಗನ ಕಣ್ಣೆದುರಿಗೆ ಹೊಳೆಯುವುದೇ ಅರಳೀಕಟ್ಟೆಯ ಮೇಲೆ ಕುಳಿತ ಹುಡುಗನ ಕಣ್ಣೆದುರಿಗೂ ಹೊಳೆಯುವುದು. ಬೆರಳ ತುದಿಗೆ ಬಂದುದನ್ನು ಆತ ಆಡುವನು. ಬಾರದುದು ಉಂಟೆಂದೇ ಆತನು ಅರಿಯನು.

ಬೆರಳ ತುದಿಗೆ ಬಂದುದರಲ್ಲಿ ಅತಿ ಕೆಟ್ಟದು ಹಣದ ಪಣವನ್ನೊಡ್ಡಿ ಆಡುವ ಆಟ. ಇದನ್ನು ತಡೆಯಲು ನಮ್ಮ ರಾಜ್ಯದವರು ೨೦೨೧ರಲ್ಲಿ ಪೊಲೀಸು ಕಾಯಿದೆಗೆ ತಿದ್ದುಪಡಿ ತಂದರು. ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ರದ್ದುಮಾಡಿತು. ಆಮೇಲೆ ೨೦೨೫ರ ಆಗಸ್ಟಿನಲ್ಲಿ ಕೇಂದ್ರ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. ಅದೇ ತಿಂಗಳ ೨೨ರಂದು ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಹಣವನ್ನೊಡ್ಡಿಸುವ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗಿನ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗಿನ ದಂಡ ಎಂದು ಈ ಕಾಯಿದೆ ವಿಧಿಸಿರುವುದು. ಆಡಿದವರನ್ನು ದಂಡಿಸುವ ಗೋಜಿಗೆ ಅದು ಹೋಗಿಲ್ಲ. ಪಣವಿಲ್ಲದ ಆಟಗಳನ್ನೂ ಸ್ಪರ್ಧೆಯ ಆಟಗಳನ್ನೂ ಪ್ರೋತ್ಸಾಹಿಸಬೇಕೆಂದು ಸಹ ಅದರಲ್ಲಿ ಹೇಳಿದೆ.

ಕಾಯಿದೆಯು ಯಾವುದನ್ನು ಆಡಕೂಡದೆಂದು ಹೇಳಬಲ್ಲುದು; ಯಾವುದನ್ನು ಆಡಿದರೆ ಒಳಿತೆಂದು ಹೇಳಲಾರದು. ಒಂದು ಚಟವನ್ನು ಕಿತ್ತ ಜಾಗದಲ್ಲಿ ಒಳ್ಳೆಯದೊಂದನ್ನು ನೆಡದಿದ್ದರೆ ಕಳೆ ಮತ್ತೆ ಹಬ್ಬುವುದೆಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದುದರಿಂದ ನಮ್ಮ ಕಣ್ಣಿಗೆ ಬೀಳದೆ ಉಳಿದ, ಆದರೆ ಆಡಲು ಯೋಗ್ಯವಾದ ಆಟಗಳು ಯಾವುವೆಂಬುದನ್ನು ಇಲ್ಲಿ ಸ್ವಲ್ಪ ಪರಿಶೀಲಿಸುವೆವು. ಯೋಗ್ಯವೆಂಬುದಕ್ಕೆ ನಮ್ಮ ಒರೆಗಲ್ಲು ಮೂರು ಮಾತಿನದು: ಆಟವು ಬುದ್ಧಿಗೆ ಕೆಲಸ ಕೊಡಬೇಕು, ಮನುಷ್ಯರನ್ನು ಮನುಷ್ಯರ ಹತ್ತಿರಕ್ಕೆ ತರಬೇಕು, ಒಂದು ಹೊತ್ತಿಗೆ ಮುಗಿದು ಆಡಿದವನನ್ನು ಅವನ ಕೆಲಸಕ್ಕೆ ಬಿಟ್ಟುಕೊಡಬೇಕು.

ಮೊದಲು ಪರದೆಯ ಆಟಗಳನ್ನೇ ನೋಡೋಣ. ಅವೆಲ್ಲವೂ ಗುಂಡು ಹಾರಿಸುವ ಆಟಗಳೆಂದು ತಿಳಿಯುವುದು ತಪ್ಪು. ಅಮೆರಿಕದ ಉತ್ತರ ತುದಿಯಲ್ಲಿರುವ ಅಲಾಸ್ಕದ ಇನೂಪಿಯಾಕ್ ಜನರು ಅಲ್ಪಸಂಖ್ಯಾತರು. ಅವರ ಭಾಷೆಯನ್ನು ಆಡುವವರು ಇನ್ನೂ ಅಲ್ಪಸಂಖ್ಯಾತರು. ಆ ಭಾಗದ ಮೂಲನಿವಾಸಿಗಳ ಒಂದು ಸಂಸ್ಥೆ ಆಟ ರಚಿಸುವವರೊಡನೆ ಕೈಗೂಡಿಸಿ ೨೦೧೪ರಲ್ಲಿ ‘ನೆವರ್ ಅಲೋನ್’ ಎಂಬ ಆಟವನ್ನು ಹೊರತಂದಿತು. ಹುಡುಗಿಯೊಬ್ಬಳೂ ಒಂದು ಬಿಳಿಯ ನರಿಯೂ ಹಿಮಗಾಳಿಯ ಮೂಲವನ್ನು ಹುಡುಕಿ ಹೋಗುವ ಜನಪದ ಕಥೆ ಅದರದು. ಕಥೆಯನ್ನು ಹೇಳುವ ಧ್ವನಿ ಆ ಜನರ ಭಾಷೆಯಲ್ಲಿಯೇ ಇರುವುದು. ಅಜ್ಜಿ ಹೇಳುವ ಕಥೆಗೆ ಕಿವಿಗೊಡಲು ಬಿಡುವಿಲ್ಲದ ಮೊಮ್ಮಕ್ಕಳಿಗೆ ಆ ಕಥೆಯನ್ನು ಅವರಿರುವೆಡೆಗೇ ಕೊಂಡೊಯ್ದ ಉಪಾಯವಿದು.

ನಮಗೆ ಇನ್ನೂ ಹತ್ತಿರವಾದುದು ೨೦೨೩ರಲ್ಲಿ ಬಂದ ‘ವೆಣ್ಬಾ’. ಕೆನಡಾ ದೇಶದ ಟೊರೊಂಟೊ ನಗರದ ಒಂದು ಸಣ್ಣ ತಂಡ ಮಾಡಿದ ಈ ಆಟದಲ್ಲಿ ಯುದ್ಧವಿಲ್ಲ, ಓಟವಿಲ್ಲ. ಇರುವುದು ಅಡಿಗೆಯ ಮನೆ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ತಾಯಿಯೊಬ್ಬಳು ತನ್ನ ತಾಯಿಯ ಹರಿದುಹೋದ ಅಡಿಗೆ ಪುಸ್ತಕದಲ್ಲಿ ಅಳಿಸಿದ ಸಾಲುಗಳನ್ನು ಊಹಿಸಿ ಇಡ್ಲಿಯನ್ನೂ ಇತರ ತಿನಿಸುಗಳನ್ನೂ ಮಾಡಬೇಕು. ಆ ಊಹೆಯೇ ಆಟಗಾರನ ಕೆಲಸ. ಮಗನು ಬೆಳೆದಂತೆಲ್ಲ ಮನೆಯ ಮಾತು ಅವನಿಂದ ದೂರವಾಗುತ್ತ ಹೋಗುವುದನ್ನು ಆಟವು ಉಪದೇಶವಿಲ್ಲದೆ ತೋರಿಸುವುದು. ಎರಡು ಗಂಟೆಯೊಳಗೆ ಅದು ಮುಗಿಯುವುದು. ಬ್ರಿಟನ್ನಿನ ಬಾಫ್ಟಾ ಸಂಸ್ಥೆ ೨೦೨೪ರಲ್ಲಿ ಇದಕ್ಕೆ ಚೊಚ್ಚಲ ಕೃತಿಯ ಪ್ರಶಸ್ತಿಯನ್ನು ಕೊಟ್ಟಿತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳು ಎಷ್ಟೋ ಇವೆ. ಮುದ್ದೆ, ಬಸ್ಸಾರುಗಳ ಮನೆಯೂ ಇಂಥ ಕಥೆಯನ್ನು ಹೇಳಬಲ್ಲುದು. ಹೇಳುವವರು ಇನ್ನೂ ಹೊರಡಬೇಕಾಗಿದೆ. ಪುಣೆಯ ತಂಡವೊಂದು ೨೦೨೦ರಲ್ಲಿ ಹೊರತಂದ ‘ರಾಜಿ’ ಎಂಬ ಆಟವೂ ನಮ್ಮ ಪುರಾಣಗಳನ್ನೂ ಚಿತ್ರಕಲೆಯನ್ನೂ ಆಧಾರವಾಗಿಟ್ಟುಕೊಂಡು, ತಮ್ಮನನ್ನು ಹುಡುಕಿ ಹೊರಟ ಅಕ್ಕನ ಕಥೆಯನ್ನು ಹೇಳುವುದು.

ಇನ್ನು ಪರದೆಯನ್ನು ಬಿಟ್ಟು ಜಗಲಿಗೆ ಬರೋಣ. ಅಲಕ್ಷಿತವಾದ ಆಟಗಳಲ್ಲಿ ನಮ್ಮ ಮನೆಯ ಆಟಗಳಷ್ಟು ಅಲಕ್ಷಿತವಾದುವು ಬೇರಿಲ್ಲ. ಚೌಕಾಬಾರವನ್ನು ನೋಡಿರಿ. ಇಪ್ಪತ್ತೈದು ಮನೆಗಳ ಒಂದು ಚೌಕ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನ ಹದಿನಾರು ಮನೆಗಳನ್ನು ಸುತ್ತಿ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದು, ಒಳಸುತ್ತಿನ ಎಂಟು ಮನೆಗಳನ್ನು ದಾಟಿ ನಡುಮನೆ ಸೇರಿದ ಕಾಯಿಯು ‘ಹಣ್ಣಾಯಿತು’ ಎನ್ನುವರು. ಎಷ್ಟು ಚೆಲುವಾದ ಮಾತು! ನಾಲ್ಕು ಕವಡೆಗಳು ಬೀಳುವ ರೀತಿ ಹದಿನಾರು. ಕವಡೆಯು ಅಂಗಾತ ಬೀಳುವುದಕ್ಕೂ ಬೋರಲು ಬೀಳುವುದಕ್ಕೂ ಸಮಾನ ಅವಕಾಶವೆಂದಿಟ್ಟುಕೊಂಡರೆ, ಹದಿನಾರರಲ್ಲಿ ಎರಡು ಬೀಳುವ ಸಂಭವ ಆರು. ಒಂದು ಮತ್ತು ಮೂರು ತಲಾ ನಾಲ್ಕು. ಚೌಕವೆಂಬ ನಾಲ್ಕೂ ಬಾರವೆಂಬ ಎಂಟೂ ತಲಾ ಒಂದು. ಆದುದರಿಂದ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಂತ ಕಾಯಿಗೆ ಅಪಾಯ ಹೆಚ್ಚು. ನಾಲ್ಕು ಮನೆ ಮುಂದೆ ನಿಂತುದು ಬಹುಮಟ್ಟಿಗೆ ನಿಶ್ಚಿಂತ. ಕಾಲೇಜಿನಲ್ಲಿ ಸಂಭಾವ್ಯತಾ ಗಣಿತವೆಂದು ಕಲಿಸುವುದನ್ನು ನಮ್ಮ ಅಜ್ಜಿಯರು ಹೆಸರಿಲ್ಲದೆ ಬಲ್ಲವರಾಗಿದ್ದರು.

ಹುಲಿ-ಕುರಿ ಆಟವು ಇನ್ನೊಂದು ಬಗೆಯದು. ಇದರಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ. ಸಾಮಾನ್ಯವಾಗಿ ಇಪ್ಪತ್ಮೂರು ಬಿಂದುಗಳ ಮನೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿಯು ಕುರಿಯ ಮೇಲೆ ಹಾರಿ ತಿನ್ನುವುದು. ಕುರಿಗಳು ಒಂದಕ್ಕೊಂದು ಒತ್ತಾಗಿ ನಿಂತು ಹುಲಿ ಅಲುಗದಂತೆ ಕಟ್ಟಿಹಾಕುವುವು. ಎರಡು ಪಕ್ಷಗಳಿಗೂ ಬಲ ಬೇರೆ, ಗುರಿ ಬೇರೆ. ಹೀಗೆ ಅಸಮಾನರ ನಡುವೆ ಸಮಾನವಾದ ಪಂದ್ಯ ಕಟ್ಟುವುದು ಇಂದಿನ ವಿಡಿಯೋ ಆಟಗಳ ರಚಕರಿಗೂ ಕಷ್ಟದ ಕೆಲಸ. ನಮ್ಮವರು ಅದನ್ನು ಗುಡಿಯ ಕಲ್ಲುಹಾಸಿನ ಮೇಲೆ ಉಳಿಯಿಂದ ಕೊರೆದು ಇಟ್ಟಿದ್ದಾರೆ. ಹಳೆಯ ದೇವಾಲಯಕ್ಕೆ ಹೋದವರು ಶಿಖರವನ್ನು ನೋಡಿ ಬರುವರು. ಮಂಟಪದ ನೆಲವನ್ನು ನೋಡುವವರು ವಿರಳ.

ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಕಾಸರಗೋಡಿನಿಂದ ಉಡುಪಿಯವರೆಗೆ ಇದರ ಬಂಧುವೇ ಚೆನ್ನೆಮಣೆ. ಗುಳಿಗೆ ನಾಲ್ಕರಂತೆ ಐವತ್ತಾರು ಬೀಜಗಳನ್ನಿಟ್ಟು ಆಡುವುದು ಅಲ್ಲಿ ರೂಢಿ. ಒಂದು ಗುಳಿಯ ಬೀಜಗಳನ್ನು ತೆಗೆದು ಒಂದೊಂದಾಗಿ ಬಿತ್ತುತ್ತ ಹೋಗುವಾಗ, ಕೊನೆಯ ಬೀಜ ಎಲ್ಲಿ ಬೀಳುವುದೆಂದು ಮೊದಲೇ ಲೆಕ್ಕ ಹಾಕಿದವನು ಗೆಲ್ಲುವನು. ಸೋತವನಿಗೆ ಮುಂದಿನ ಸುತ್ತಿನಲ್ಲಿ ಗುಳಿಗಳು ಕಡಮೆ. ಆದರೂ ಇದ್ದ ಬೀಜದಲ್ಲೇ ಜಾಣತನದಿಂದ ಬಿತ್ತಿ ಕಳೆದುಕೊಂಡ ಗುಳಿಗಳನ್ನು ಮರಳಿ ಪಡೆಯಲು ಅವಕಾಶವುಂಟು. ಬೇಸಾಯಗಾರರ ನಾಡಿನಲ್ಲಿ ಇದಕ್ಕಿಂತ ಹೊಂದುವ ಆಟ ಯಾವುದು?

ಇವೆಲ್ಲ ಹಳ್ಳಿಯ ಹೊತ್ತುಗಳೆವ ಆಟಗಳೆಂದು ಮೂಗು ಮುರಿಯುವವರಿಗೆ ಚರಿತ್ರೆಯೇ ಉತ್ತರ ಕೊಡುವುದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನೀತಿಯೊಡನೆ ಚದುರಂಗ, ಪಗಡೆ, ಕವಡೆಯಾಟಗಳಿಗೂ ಸ್ಥಾನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹೊಸ ಹೊಸ ಆಟಗಳನ್ನು ತಾವೇ ಕಲ್ಪಿಸಿದರು. ಚದುರಂಗದ ಕುದುರೆಯು ಅರುವತ್ತುನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಕಾಲಿಡುವಂತೆ ನಡೆಸತಕ್ಕ ಸಮಸ್ಯೆಯನ್ನು ಬಿಡಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿಯಾದ ಕೌತುಕನಿಧಿಯು ಆಟಗಳಿಗೆ ಎಡೆಗೊಟ್ಟಿರುವುದು. ಆ ಪರಂಪರೆಯನ್ನು ಮರಳಿ ಬೆಳಕಿಗೆ ತರಲು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳನ್ನು ನಡೆಸಿರುವುದು ಅಭಿನಂದನೀಯ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ನಮ್ಮ ಹಳೆಯ ಆಟಗಳೇನು ನಿಷ್ಕಳಂಕವೆ? ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಕಳೆದುಕೊಂಡದ್ದು ಆಟದಿಂದಲೇ ಅಲ್ಲವೆ? ಅಹುದು. ಕವಡೆಗೂ ದುಡ್ಡನ್ನೊಡ್ಡಬಹುದು; ಒಡ್ಡಿದ್ದೂ ಉಂಟು. ಕೇಡು ಮಣೆಯಲ್ಲಿಲ್ಲ, ಪಣದಲ್ಲಿದೆ. ಆದರೆ ಜಗಲಿಯ ಮೇಲೆ ಸೋಲುತ್ತಿರುವವನನ್ನು ನಾಲ್ಕು ಕಣ್ಣುಗಳು ನೋಡುತ್ತಿದ್ದುವು. ಸಾಕು ಏಳು ಎಂದು ಗದರಿಸುವ ಹಿರಿಯರು ಇದ್ದರು. ಫೋನಿನೊಳಗೆ ನಡುರಾತ್ರಿ ಸೋಲುವವನಿಗೆ ಸಾಕ್ಷಿಗಳಿಲ್ಲ. ಸಾಲ ಮನೆಗೆ ಬಂದ ಮೇಲೆಯೇ ಸಂಗತಿ ಮನೆಯವರಿಗೆ ತಿಳಿಯುವುದು. ವ್ಯತ್ಯಾಸವಿರುವುದು ಇಲ್ಲಿ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಗ್ರಾಮ ಪಂಚಾಯಿತಿಗಳ ಪುಸ್ತಕಾಲಯಗಳು ಅರಿವು ಕೇಂದ್ರಗಳಾಗಿವೆ. ಅಲ್ಲಿ ಪುಸ್ತಕಗಳ ಪಕ್ಕದಲ್ಲಿ ಒಂದು ಚೌಕಾಬಾರದ ಮನೆ, ಒಂದು ಹುಲಿ-ಕುರಿಯ ಹಲಗೆ, ಒಂದು ಅಳಗುಳಿಮಣೆಯನ್ನಿಡಲು ಅಧಿಕಾರಿಗಳಿಗೆ ವಿಶೇಷ ಮಂಜೂರಾತಿ ಬೇಕಾಗಲಾರದು. ಸುಣ್ಣದ ಗೆರೆ, ಹುಣಸೆಯ ಬೀಜ, ಬಳೆಯ ಚೂರು ಇಷ್ಟೇ ಸಾಮಗ್ರಿ. ಬೇಕಾದುದು ಆಡಿಸಬಲ್ಲ ಹಿರಿಯರು. ಚಿಕ್ಕರಸಿನಕೆರೆಯಂಥ ಊರುಗಳಲ್ಲಿ ಅಂಥವರು ಇಂದಿಗೂ ಸಿಕ್ಕಾರು. ಇನ್ನಿಪ್ಪತ್ತು ವರ್ಷಗಳ ಮೇಲೆ ಸಿಕ್ಕುವರೆಂಬ ಭರವಸೆಯಿಲ್ಲ. ಊರೂರಿಗೂ ನಿಯಮ ಒಂದಿಷ್ಟು ಬೇರೆಬೇರೆ. ಅವನ್ನು ಕೇಳಿ ಬರೆದಿಡುವ ಕೆಲಸವನ್ನು ಶಾಲೆಯ ಮಕ್ಕಳಿಗೆ ವಹಿಸಿದರೆ ಅದು ಒಳ್ಳೆಯ ಪಾಠವೂ ಆಗುವುದು.

ಪರದೆಯ ಆಟಗಳ ಮಾತು ಬೆಂಗಳೂರಿಗೆ ಸೇರಿದ್ದು. ನಮ್ಮ ದೇಶದ ಮೊದಮೊದಲ ಆಟ ರಚನೆಯ ಸಂಸ್ಥೆಗಳಲ್ಲೊಂದಾದ ‘ಧ್ರುವ’ವು ೧೯೯೭ರಲ್ಲಿ ಹುಟ್ಟಿದ್ದು ಆ ನಗರದಲ್ಲಿ, ೨೦೧೯ರಲ್ಲಿ ಅದು ವಿದೇಶದ ದೊಡ್ಡ ಸಂಸ್ಥೆಯೊಂದರ ಪಾಲಾಯಿತು. ಈ ಉದ್ಯಮಕ್ಕೆಂದು ರಾಜ್ಯದವರು ೨೦೧೨ರಿಂದ ನೀತಿಗಳನ್ನು ರೂಪಿಸಿರುವರು. ನಮ್ಮ ಹುಡುಗರ ಕೈಚಳಕ ಲೋಕದ ಹೆಸರಾಂತ ಆಟಗಳಿಗೆ ಸಂದಿದೆ. ಆ ಕೈಗಳಿಂದ ಕನ್ನಡದ ಮನೆಯೊಂದರ, ಕೆರೆಯೊಂದರ, ಜಾತ್ರೆಯೊಂದರ ಆಟ ಬರುವುದು ಅಸಾಧ್ಯವೇನಲ್ಲ. ನೀತಿಯ ಹಣದಲ್ಲಿ ಒಂದು ಪಾಲು ಕನ್ನಡದಲ್ಲಿ ಮಾತಾಡುವ, ಪಣವಿಲ್ಲದ, ಜಾಹೀರಾತಿಲ್ಲದ ಸಣ್ಣ ಆಟಗಳಿಗೆಂದು ಮೀಸಲಾಗಲಿ. ಕೆಲವೇ ಸಾವಿರ ಇನೂಪಿಯಾಕ್ ಮಾತಾಡುವವರಿಗೆ ಸಾಧ್ಯವಾದುದು ಕೋಟಿಗಟ್ಟಲೆ ಕನ್ನಡಿಗರಿಗೆ ಸಾಧ್ಯವಾಗದೆ?

ಒಳ್ಳೆಯ ಆಟಗಳ ಕೊರತೆ ನಮಗಿಲ್ಲ. ಅವುಗಳನ್ನು ಮಕ್ಕಳ ಕೈಗೆಟುಕಿಸುವವರ ಕೊರತೆಯಿದೆ. ಕಾಯಿದೆಯು ಅರ್ಧ ಕೆಲಸವನ್ನು ಮಾಡಿದೆ. ಉಳಿದರ್ಧವು ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಪಂಚಾಯಿತಿಯವರಿಗೂ ಸೇರಿದ್ದು. ಕಾಯಿ ನಮ್ಮ ಮನೆಯಲ್ಲಿಯೇ ಇದೆ, ನಡೆಸಿದರೆ ಹಣ್ಣಾಗುವುದು.