ಕೈಕೂಸಿನೊಡನೆ ರೈನ್ ಜಲಪಾತಕ್ಕೆ

ಶನಿವಾರದ ಸಂಜೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಒಂದು ಕನ್ನಡ ಮನೆಯಲ್ಲಿ ಮರುದಿನದ ಪ್ರವಾಸಕ್ಕೆ ಸಿದ್ಧತೆ ನಡೆದಿದೆ. ಐದು ವರ್ಷದ ಮಗ ಬೂಟು ಹಾಕಿಕೊಂಡೇ ಮಲಗುವೆನೆಂದು ಹಟ ಹಿಡಿದಿದ್ದಾನೆ. ಒಂದೂವರೆ ವರ್ಷದ ಮಗಳು ತಾಯಿ ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಹೊರಗೆಳೆಯುತ್ತಿದ್ದಾಳೆ. ಊರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅಜ್ಜಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಂಗಳಕ್ಕೆ ನಡೆದಿರುತ್ತಿದ್ದರು. ಇಲ್ಲಿ ತಾಯಿತಂದೆಯರ ನಾಲ್ಕು ಕೈಗಳೇ ಎಲ್ಲಕ್ಕೂ ಆಗಬೇಕು.

ಬಾಷ್, ಮರ್ಸಿಡಿಸ್-ಬೆಂಜ್ ಸಂಸ್ಥೆಗಳ ಕೇಂದ್ರ ಕಚೇರಿಗಳಿರುವುದು ಸ್ಟುಟ್‌ಗಾರ್ಟ್ ಪ್ರದೇಶದಲ್ಲಿ. ಬೆಂಗಳೂರಿನಲ್ಲಿಯೂ ಅವುಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ಹೀಗಾಗಿ ಎರಡು ಮೂರು ವರ್ಷಗಳ ಮಟ್ಟಿಗೆ ಅಲ್ಲಿ ಸಂಸಾರ ಹೂಡುವ ಕನ್ನಡಿಗರುಂಟು. ಇರುವ ದಿನಗಳು ಎಣಿಕೆಯವು; ನೋಡಬೇಕೆನಿಸುವ ಊರುಗಳಿಗೆ ಎಣಿಕೆಯಿಲ್ಲ. ಮತ್ತೆ ಬರುತ್ತೇವೋ ಇಲ್ಲವೋ ಎಂಬ ಆತುರದಲ್ಲಿ ನಾಲ್ಕು ದಿನಗಳಲ್ಲಿ ಮೂರು ದೇಶಗಳನ್ನು ಸುತ್ತಹೊರಡುವುದು ಸಹಜವೇ. ಈ ಮನೆಯವರೂ ಮೊದಲ ಬೇಸಗೆಯಲ್ಲಿ ಹಾಗೆಯೇ ಹೊರಟಿದ್ದರು. ಪ್ಯಾರಿಸಿನ ಐಫೆಲ್ ಗೋಪುರವನ್ನು ಅವರು ಕಂಡದ್ದು ಹೋಟೆಲಿನ ಕಿಟಕಿಯಿಂದ, ಜ್ವರದಿಂದ ಕಾಯುತ್ತಿದ್ದ ಮಗನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆ: ಒಂದು ದಿನಕ್ಕೆ ಒಂದೇ ಸ್ಥಳ.

ಗಡಿ ದಾಟುವ ಮುನ್ನ

ರೈನ್ ಜಲಪಾತವಿರುವುದು ಸ್ವಿಟ್ಜರ್ಲೆಂಡಿನಲ್ಲಿ, ಶಾಫ್‌ಹೌಸನ್ ಪಟ್ಟಣದ ಬಳಿ. 1985ರಲ್ಲಿ ಸಹಿಯಾದ ಶೆಂಗೆನ್ ಒಪ್ಪಂದದ ವ್ಯವಸ್ಥೆಗೆ ಸ್ವಿಟ್ಜರ್ಲೆಂಡ್ ಸೇರಿದ್ದು 2008ರಲ್ಲಿ. ಜರ್ಮನಿಯ ವಾಸದ ಪರವಾನಗಿಯುಳ್ಳವರು ಅಲ್ಲಿಗೆ ಪ್ರವಾಸ ಹೋಗಲು ಬೇರೆ ವೀಸಾ ಬೇಕಿಲ್ಲ. ಆದರೆ ಕೈಕೂಸಿಗೂ ತನ್ನದೇ ಪಾಸ್‌ಪೋರ್ಟ್, ತನ್ನದೇ ಪರವಾನಗಿ ಇರಬೇಕು. ಎಳೆಯ ಮಕ್ಕಳ ಭಾರತೀಯ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಮಗನದು ಮುಗಿಯುತ್ತ ಬಂದುದನ್ನು ತಂದೆ ಸಕಾಲದಲ್ಲಿ ಗಮನಿಸಿ ಹೊಸದು ಮಾಡಿಸಿದ್ದರು.

ಇನ್ನೊಂದು ಸಂಗತಿಯನ್ನು ಅನೇಕರು ಮರೆಯುತ್ತಾರೆ. ಜರ್ಮನಿಯ ಆರೋಗ್ಯವಿಮೆಯೊಡನೆ ದೊರೆಯುವ ಯುರೋಪಿಯನ್ ಕಾರ್ಡು ಯುರೋಪಿನವರಲ್ಲದ ಪ್ರಜೆಗಳಿಗೆ ಸ್ವಿಟ್ಜರ್ಲೆಂಡಿನಲ್ಲಿ ನಡೆಯದು. ಒಂದೇ ದಿನದ ಪ್ರವಾಸವಾದರೂ ಪ್ರತ್ಯೇಕ ಪ್ರವಾಸವಿಮೆ ಇರುವುದು ಕ್ಷೇಮ. ತುರ್ತು ಸಂದರ್ಭಕ್ಕೆ 112 ಎಂಬ ದೂರವಾಣಿ ಸಂಖ್ಯೆ ಎರಡೂ ದೇಶಗಳಲ್ಲಿ ಉಂಟು.

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಆದುದರಿಂದ ಹಾಲು, ಬ್ರೆಡ್ಡು, ಬಾಳೆಹಣ್ಣು ಶನಿವಾರವೇ ಮನೆ ಸೇರಿವೆ. ಬೆಳಗ್ಗೆ ಅದರ ಜೊತೆಗೆ ಮೊಸರನ್ನದ ಡಬ್ಬಿ, ಒಗ್ಗರಣೆ ಅವಲಕ್ಕಿ, ಬಿಸಿನೀರಿನ ಫ್ಲಾಸ್ಕು, ಕೂಸಿಗೆ ರಾಗಿಹಿಟ್ಟಿನ ಪೊಟ್ಟಣ. ಪರದೇಶದಲ್ಲಿ ಮಗು ಹೊಸ ನೋಟವನ್ನು ಎಷ್ಟಾದರೂ ನುಂಗೀತು, ಹೊಸ ರುಚಿಯನ್ನು ನುಂಗಲಾರದು.

ರೈಲಿನಲ್ಲಿ

ಮಕ್ಕಳೊಡನೆ ರೈಲೇ ಸುಖ. ಕಾರಿನಲ್ಲಿ ಕಟ್ಟಿಹಾಕಿದಂತೆ ಕೂರಬೇಕು. ರೈಲಿನಲ್ಲಿ ಎದ್ದು ಓಡಾಡಬಹುದು. ಆರು ವರ್ಷದೊಳಗಿನವರಿಗೆ ಹಿರಿಯರ ಜೊತೆಯಲ್ಲಿ ಎರಡೂ ದೇಶಗಳ ರೈಲುಗಳಲ್ಲಿ ಟಿಕೆಟ್ಟಿಲ್ಲ. ಆದರೆ ಟಿಕೆಟ್ಟಿಲ್ಲವೆಂದ ಮಾತ್ರಕ್ಕೆ ಸೀಟು ಸಿಕ್ಕೀತೆಂದಲ್ಲ. ಅದನ್ನು ಮುಂಚೆಯೇ ಕಾದಿರಿಸಬೇಕು. ಸ್ವಿಟ್ಜರ್ಲೆಂಡಿನ ಕೆಲವು ಎರಡಂತಸ್ತಿನ ರೈಲುಗಳ ಮೇಲಂತಸ್ತಿನಲ್ಲಿ ಮಕ್ಕಳಿಗಾಗಿ ಆಟದ ಜಾಗವನ್ನೇ ಮಾಡಿದ್ದಾರೆ.

ನೊರೆಯ ಮುಂದೆ

ಜೋಗದ 253 ಮೀಟರಿನ ಧುಮುಕನ್ನು ಕಂಡ ಕಣ್ಣಿಗೆ ರೈನ್ ಜಲಪಾತದ 23 ಮೀಟರ್ ಎತ್ತರ ಏನೇನೂ ಅಲ್ಲ. ಆದರೆ 150 ಮೀಟರ್ ಅಗಲಕ್ಕೆ ನದಿಗೆ ನದಿಯೇ ನೊರೆಯಾಗಿ ಉರುಳುವ ಭೋರ್ಗರೆತ ಬೇರೆಯೇ. ನಡುವಿನ ಬಂಡೆಯ ತನಕ ದೋಣಿಗಳು ಹೋಗುತ್ತವೆ.

ಅಷ್ಟು ಸದ್ದಿನಲ್ಲಿಯೂ ಮಗಳು ತಳ್ಳುಗಾಡಿಯಲ್ಲಿ ನಿದ್ದೆಹೋದಳು. ಎಬ್ಬಿಸುವ ಮಾತೇ ಇಲ್ಲ. ತಂದೆ ಮಗನೊಡನೆ ದೋಣಿ ಹತ್ತಿದರು. ತಾಯಿ ಮರದ ನೆರಳಿನಲ್ಲಿ ಕುಳಿತರು. ಅವರು ಮರಳಿದ ಮೇಲೆ ತಾಯಿಯ ಸರದಿ. ಮಗನಿಗೆ ಮಾತ್ರ ಎರಡು ಸಲ ದೋಣಿಯ ಭಾಗ್ಯ!

ಮಧ್ಯಾಹ್ನ ತಂದೆಗೆ ಹಳೆಯ ಆಸೆ ಮರುಕಳಿಸಿತು. “ಜ್ಯೂರಿಕ್ ಇಲ್ಲಿಂದ ಒಂದು ಗಂಟೆಯೂ ಇಲ್ಲ. ನೋಡಿಬಿಡೋಣವೆ?”

“ಪ್ಯಾರಿಸ್ ಮರೆತಿರಾ?” ಎಂದರು ತಾಯಿ.

ಅವರು ನಕ್ಕು ಮೊಸರನ್ನದ ಡಬ್ಬಿ ತೆರೆದರು. ಮಗಳು ಎದ್ದಳು, ಉಂಡಳು, ಹುಲ್ಲಿನ ಮೇಲೆ ಒಂದು ಬಾತುಕೋಳಿಯ ಹಿಂದೆ ಮನದಣಿಯೆ ಓಡಿದಳು. ಆ ಬಳಿಕ ಎಲ್ಲರೂ ಮನೆಯ ದಾರಿ ಹಿಡಿದರು.

ಮರುದಿನ ಸಂಜೆ, ಊರಿನಲ್ಲಿ ಊಟದ ಹೊತ್ತಿಗೆ, ಅಜ್ಜಿ ಫೋನಿನ ಪರದೆಯಲ್ಲಿ ಕಾಣಿಸಿಕೊಂಡರು. “ಏನೇನು ನೋಡಿದೆಯೋ ಕಂದಾ?”

“ಅಜ್ಜೀ, ನೀರು ನನ್ನ ಮೂಗಿನ ಮೇಲೆ ಬಿತ್ತು. ಅಪ್ಪನ ಕನ್ನಡಕವೂ ಒದ್ದೆ!”

ಜಲಪಾತದ ಹೆಸರು ಅವನಿಗೆ ನೆನಪಿರಲಿಲ್ಲ. ಅಜ್ಜಿಯೂ ಕೇಳಲಿಲ್ಲ. ಅವರು ಕೇಳಿದ್ದು ಒಂದೇ: “ಪುಟ್ಟಿ ಅತ್ತಳೇನೇ?”

“ಇಲ್ಲಮ್ಮ, ಚೆನ್ನಾಗಿ ನಿದ್ದೆ ಮಾಡಿದಳು.”

“ಹಾಗಾದರೆ ಇನ್ನೊಂದು ಸಲ ಹೋಗಿಬನ್ನಿ,” ಎಂದರು ಅಜ್ಜಿ.