ಕಡಿಮೆ ವೋಲ್ಟ್ ಎಂದರೆ ಕಡಿಮೆ ಬಿಲ್ಲೇ? ಬಿಸಿ ಟವೆಲ್ ರಾಡ್‌ನ ಮೂಲಕ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕವನ್ನು ಬೋಧಿಸುವಾಗ ಒಂದು ತಪ್ಪು ಪರಿಕಲ್ಪನೆ ನನ್ನ ಗಮನಕ್ಕೆ ಬಂತು. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಎಂಬ ಲೆಕ್ಕವನ್ನು ಮಕ್ಕಳು ಸರಿಯಾಗಿಯೇ ಮಾಡುತ್ತಾರೆ. ಆದರೆ 12 ವೋಲ್ಟ್‌ನ ಹೀಟರ್, 230 ವೋಲ್ಟ್‌ನ ಹೀಟರ್ ಇವುಗಳಲ್ಲಿ ಯಾವುದಕ್ಕೆ ಬಿಲ್ ಜಾಸ್ತಿ ಎಂದು ಕೇಳಿದರೆ, ವ್ಯಾಟ್ ಎಷ್ಟೆಂದು ವಿಚಾರಿಸದೆ ಹೆಚ್ಚಿನವರು 230 ಎನ್ನುತ್ತಾರೆ. ಸೆಲ್ಲು, ಬ್ಯಾಟರಿಗಳಿಂದ ಸಣ್ಣಪುಟ್ಟ ಕೆಲಸ ಆಗುವುದನ್ನಷ್ಟೇ ಅವರು ಕಂಡಿರುವುದು ಇದಕ್ಕೆ ಕಾರಣವಿರಬಹುದು.

ಇದನ್ನು ಸರಿಪಡಿಸಲು ನಾನು ಆರಿಸಿಕೊಂಡ ಉದಾಹರಣೆ ಬಿಸಿ ಟವೆಲ್ ರಾಡ್. ಬ್ರಿಟನ್, ನ್ಯೂಜಿಲೆಂಡ್‌ನಂತಹ ಚಳಿ ದೇಶಗಳ ಬಚ್ಚಲುಮನೆಗಳಲ್ಲಿ ಗೋಡೆಗೆ ಕೂರಿಸುವ ಈ ಲೋಹದ ಕೊಳವೆಗಳೊಳಗೆ ಬಿಸಿಯಾಗುವ ತಂತಿ ಇರುತ್ತದೆ. ಮೇಲೆ ಹಾಕಿದ ಒದ್ದೆ ಟವೆಲ್ ಒಣಗುತ್ತದೆ. ಇದರಲ್ಲಿ ಬೆಳಕಿಲ್ಲ, ಚಲನೆಯಿಲ್ಲ. ತಂತಿಗೆ ಬಂದ ವಿದ್ಯುತ್ತೆಲ್ಲ ಉಷ್ಣವೇ ಆಗುವುದರಿಂದ ದಕ್ಷತೆಯ ಚರ್ಚೆ ಸುಲಭ.

60 ವ್ಯಾಟ್‌ನ ಎರಡು ರಾಡ್‌ಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿದೆ. 230 ವೋಲ್ಟ್‌ನದರಲ್ಲಿ ಸುಮಾರು 0.26 ಆಂಪಿಯರ್ ಹರಿಯುತ್ತದೆ; 12 ವೋಲ್ಟ್‌ನದರಲ್ಲಿ 5 ಆಂಪಿಯರ್. ಒಂದು ಗಂಟೆಗೆ ಎರಡೂ ಕೊಡುವ ಉಷ್ಣ ಒಂದೇ, 0.06 ಯೂನಿಟ್.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. 230 ವೋಲ್ಟನ್ನು 12ಕ್ಕೆ ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಅದರ ದಕ್ಷತೆ ಶೇ. 90 ಎಂದಿಟ್ಟುಕೊಂಡರೆ ಮೀಟರಿನಿಂದ ಸುಮಾರು 67 ವ್ಯಾಟ್ ಎಳೆಯುತ್ತದೆ. ತಂತಿಯಲ್ಲಿನ ನಷ್ಟ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ರಾಡ್‌ವರೆಗಿನ ತಂತಿಯ ರೋಧ 0.1 ಓಮ್ ಆದರೆ 5 ಆಂಪಿಯರ್‌ಗೆ ನಷ್ಟ 2.5 ವ್ಯಾಟ್, 0.26 ಆಂಪಿಯರ್‌ಗೆ 0.01 ವ್ಯಾಟ್ ಕೂಡ ಇಲ್ಲ. ಅಂದರೆ ಕಡಿಮೆ ವೋಲ್ಟ್‌ನ ರಾಡ್ ಸ್ವಲ್ಪ ಹೆಚ್ಚೇ ವಿದ್ಯುತ್ ಬಳಸುತ್ತದೆ.

ಹಾಗಾದರೆ ಅದನ್ನು ಏಕೆ ಮಾಡುತ್ತಾರೆ? ಈ ಪ್ರಶ್ನೆ ಮಕ್ಕಳಿಂದಲೇ ಬರಬೇಕು. ಉತ್ತರ: ಸುರಕ್ಷತೆಗಾಗಿ. ಬ್ರಿಟನ್ನಿನ ವೈರಿಂಗ್ ನಿಯಮದಂತೆ ಸ್ನಾನದ ತೊಟ್ಟಿಯ ಒಳಭಾಗದಲ್ಲಿ 12 ವೋಲ್ಟ್ ಎಸಿ ಮೀರುವಂತಿಲ್ಲ. “5 ಆಂಪಿಯರ್ ಅಪಾಯವಲ್ಲವೇ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ 5 ಆಂಪಿಯರ್ ಹರಿಯುವುದು ರಾಡ್‌ನ ತಂತಿಯಲ್ಲಿ. ಮೈಯಲ್ಲಿ ಎಷ್ಟು ಹರಿಯುತ್ತದೆ ಎಂಬುದನ್ನು ವಿಭವಾಂತರ ಮತ್ತು ಮೈಯ ರೋಧ ನಿರ್ಧರಿಸುತ್ತವೆ. ಒದ್ದೆ ಮೈಯ ರೋಧ 1,000 ಓಮ್ ಎಂದುಕೊಂಡರೆ 12 ವೋಲ್ಟ್‌ಗೆ 12 ಮಿಲಿಆಂಪಿಯರ್, 230 ವೋಲ್ಟ್‌ಗೆ 230 ಮಿಲಿಆಂಪಿಯರ್. ಎರಡನೆಯದು ಜೀವ ತೆಗೆಯಬಲ್ಲದು.

ಉಳಿತಾಯ ಇರುವುದು ವ್ಯಾಟ್ ಮತ್ತು ಗಂಟೆಗಳಲ್ಲಿ. 60 ವ್ಯಾಟ್‌ನ ರಾಡ್ ಹಗಲೂ ರಾತ್ರಿ ಉರಿದರೆ 30 ದಿನಕ್ಕೆ 43.2 ಯೂನಿಟ್. ಟೈಮರ್ ಹಾಕಿ ದಿನಕ್ಕೆ 4 ಗಂಟೆಗೆ ಇಳಿಸಿದರೆ 7.2 ಯೂನಿಟ್ ಮಾತ್ರ.

ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಸಲಹೆಗಳಿವೆ. ಮೊದಲನೆಯದು, ಲೆಕ್ಕಕ್ಕೆ ಮುಂಚೆ ಮಕ್ಕಳ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಉತ್ತರ ಬಂದ ಮೇಲೆ ಅದರೊಂದಿಗೆ ಹೋಲಿಸಿಸಿ. ಎರಡನೆಯದು, ಪಾಠದ ನಂತರ ಮನೆಯ ಇಸ್ತ್ರಿಪೆಟ್ಟಿಗೆ, ಮಿಕ್ಸಿ, ನೀರು ಕಾಯಿಸುವ ಕಾಯಿಲ್‌ಗಳ ಮೇಲಿನ ವ್ಯಾಟನ್ನು ಬರೆದು ತರಲು ಹೇಳಿ. ಪ್ಲಗ್ ತೆಗೆದಿಟ್ಟ ಉಪಕರಣದ ಮೇಲಷ್ಟೇ ಓದಬೇಕೆಂದು ಎಚ್ಚರಿಸಿ. ಎಲ್ಲವೂ 230 ವೋಲ್ಟ್‌ನವೇ ಆಗಿದ್ದರೂ ವ್ಯಾಟ್ ಬೇರೆ ಬೇರೆ ಇರುವುದನ್ನು ಆಗ ಅವರೇ ಗುರುತಿಸುತ್ತಾರೆ.