ಎತ್ತರದ ಬಾನೆಟ್ಟಿನ ಗುಟ್ಟು

ಖಾನಾಪುರ ದಾಟಿ ಹೆಮ್ಮಡಗಾ ಕಡೆಗೆ ಹೊರಳಿದ ದಾರಿ, ಮುಂಗಾರು ಹಿಡಿದ ಮೇಲೆ ದಾರಿಯಾಗಿ ಉಳಿಯುತ್ತಿರಲಿಲ್ಲ. ಚಕ್ರದ ಜಾಡುಗಳಲ್ಲಿ ಕೆಂಪು ನೀರು ಹರಿಯುತ್ತಿತ್ತು. ಹಳ್ಳಗಳು ತುಂಬಿದರೆ ಗವಾಳಿ, ಪಾಸ್ತೋಲಿ, ಕೊಂಗಳಾ, ಆಮಗಾಂವದಂಥ ಕಾಡಿನೊಳಗಿನ ಊರುಗಳಿಗೂ ಪೇಟೆಗೂ ನಂಟೇ ತಪ್ಪುತ್ತಿತ್ತು. ಎತ್ತಿನ ಗಾಡಿಯವನೂ ಹಿಂದುಮುಂದು ನೋಡುವ ಆ ರಾಡಿಯಲ್ಲಿ ಅರಣ್ಯ ಇಲಾಖೆಯದೋ ಕಟ್ಟಿಗೆ ಕಂತ್ರಾಟದಾರನದೋ ಜೀಪೊಂದು ಬಂದು ನಿಲ್ಲುತ್ತಿತ್ತು. ಚಾಲಕ ಗೇರಿನ ಪಕ್ಕದ ಎರಡು ಗಿಡ್ಡ ಕೋಲುಗಳಲ್ಲಿ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಎಳೆಯುತ್ತಿದ್ದ. ಮೊದಲನೆಯದು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹಂಚುತ್ತಿತ್ತು. ಎರಡನೆಯದು ವೇಗವನ್ನು ಕಸಿದು ಎಳೆತವನ್ನು ಹೆಚ್ಚಿಸುತ್ತಿತ್ತು. ಗಾಡಿ ನರಳುತ್ತ, ಓಲಾಡುತ್ತ, ಕೊನೆಗೆ ಆಚೆ ದಡಕ್ಕೆ ಹತ್ತಿಬಿಡುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಜೀಪುಗಳು ದೇಶದ ಉದ್ದಗಲಕ್ಕೂ ಖಾಸಗಿಯವರ ಕೈಸೇರಿದವು. 1922ರಿಂದ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರವಿದ್ದ ಬೆಳಗಾವಿಗೆ ಸೇನೆಯ ಗಾಡಿ ಹೊಸದಲ್ಲ. ಕ್ಯಾಂಪಿನ ರಸ್ತೆಗಳಲ್ಲಿ ಜೀಪು ಓಡಾಡುವುದು ಊರಿನವರಿಗೆ ದಿನದ ನೋಟವಾಯಿತು. ಮುಂದೆ ಬಂದ ಜೀಪುಗಳ ಬಾನೆಟ್ಟಿನ ಪಕ್ಕೆಯಲ್ಲಿ ವಿಲ್ಲೀಸ್ ಎಂಬ ಅಚ್ಚು ಉಬ್ಬಿ ನಿಂತಿತ್ತು. ಹಾಗಾಗಿ ಕೊಂಡವರೂ ಓಡಿಸಿದವರೂ ರಿಪೇರಿ ಮಾಡಿದವರೂ ಇದು ವಿಲ್ಲೀಸ್ ಕಂಪನಿಯ ಕೂಸೆಂದೇ ನಂಬಿದರು. ಹೆತ್ತ ಮನೆ ಬೇರೆಯೇ ಇತ್ತು.

ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಸಣ್ಣ ಊರಿನಲ್ಲಿ ಅಮೆರಿಕನ್ ಬ್ಯಾಂಟಮ್ ಎಂಬ ಕಂಪನಿ 1940ರ ಹೊತ್ತಿಗೆ ಕೊನೆಯುಸಿರು ಎಳೆಯುತ್ತಿತ್ತು. ಇಂಗ್ಲೆಂಡಿನ ಪುಟಾಣಿ ಆಸ್ಟಿನ್ ಕಾರನ್ನು ಅಮೆರಿಕದಲ್ಲಿ ತಯಾರಿಸಲು 1929ರಲ್ಲಿ ಹುಟ್ಟಿಕೊಂಡ ಕಂಪನಿಯದು. ದೊಡ್ಡ ಕಾರಿನ ಮೋಹದ ಅಮೆರಿಕನ್ನರು ಅದನ್ನು ನೋಡಿ ನಕ್ಕರೇ ಹೊರತು ಕೊಳ್ಳಲಿಲ್ಲ. ಒಮ್ಮೆ ದಿವಾಳಿಯಾಗಿ, ಹೆಸರು ಬದಲಿಸಿಕೊಂಡು ಎದ್ದ ಕಂಪನಿ ಮತ್ತೆ ಮುಗ್ಗರಿಸಿತ್ತು. ಅಷ್ಟರಲ್ಲಿ ಯುರೋಪಿನಲ್ಲಿ ಹಿಟ್ಲರನ ಪಡೆಗಳು ಫ್ರಾನ್ಸನ್ನು ಮಣಿಸಿದವು. ಕುದುರೆ ಮತ್ತು ಸೈಡ್‌ಕಾರ್ ಮೋಟರ್‌ಸೈಕಲ್ ನಂಬಿ ಕೂತಿದ್ದ ಅಮೆರಿಕದ ಸೇನೆ ಗಾಬರಿಬಿದ್ದು, ನಾಲ್ಕೂ ಚಕ್ರಕ್ಕೆ ಬಲವಿರುವ ಹಗುರ ಗಾಡಿಯೊಂದು ಬೇಕೆಂದು 135 ಕಂಪನಿಗಳಿಗೆ ಕಾಗದ ಬರೆಯಿತು.

ಕಾಗದದಲ್ಲಿದ್ದ ಷರತ್ತುಗಳನ್ನು ಓದಿದ ಎಂಜಿನಿಯರುಗಳು ತಲೆಯಾಡಿಸಿ ಪಕ್ಕಕ್ಕಿಟ್ಟರು. ಗಾಡಿಯ ತೂಕ 590 ಕಿಲೋ ಮೀರಕೂಡದು, 49 ದಿನಗಳಲ್ಲಿ ಮೊದಲ ಮಾದರಿ ಸೇನೆಯ ಅಂಗಳದಲ್ಲಿರಬೇಕು, 75 ದಿನಗಳಲ್ಲಿ 70 ಗಾಡಿ ಒಪ್ಪಿಸಬೇಕು. ಉತ್ತರ ಬರೆದವು ಎರಡೇ ಕಂಪನಿ. ಟೊಲೆಡೊ ನಗರದ ವಿಲ್ಲೀಸ್-ಓವರ್‌ಲ್ಯಾಂಡ್ ಒಂದು. ಕಳೆದುಕೊಳ್ಳಲು ಇನ್ನೇನೂ ಉಳಿದಿರದ ಬ್ಯಾಂಟಮ್ ಇನ್ನೊಂದು.

ಬ್ಯಾಂಟಮ್ಮಿನ ಬಳಿ ನಕ್ಷೆ ಬರೆಯಬಲ್ಲ ಎಂಜಿನಿಯರನೇ ಇರಲಿಲ್ಲ. ಅಧ್ಯಕ್ಷ ಫ್ರ್ಯಾಂಕ್ ಫೆನ್, ಡೆಟ್ರಾಯಿಟಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದ ಕಾರ್ಲ್ ಪ್ರಾಬ್ಸ್ಟ್ ಎಂಬವನಿಗೆ ಫೋನು ಮಾಡಿದ. ಸಂಬಳದ ಭರವಸೆಯಿಲ್ಲದ, ಅಸಾಧ್ಯವೆಂದೇ ಕಾಣುತ್ತಿದ್ದ ಆ ಕೆಲಸಕ್ಕೆ ಪ್ರಾಬ್ಸ್ಟ್ ಮೊದಲು ಒಪ್ಪಲಿಲ್ಲ. ಕೊನೆಗೆ ಜುಲೈ 17ರಂದು ಹೊರಟ. ದಾರಿಯಲ್ಲಿ ಟೊಲೆಡೊದಲ್ಲಿ ಇಳಿದು, ಮುಂದಿನ ಚಕ್ರಕ್ಕೂ ಬಲ ಕೊಡುವ ಆಕ್ಸಲ್ ಸಿಗುವುದೇ ಎಂದು ಸ್ಪೈಸರ್ ಕಂಪನಿಯವರ ಹತ್ತಿರ ಮಾತಾಡಿಕೊಂಡ. ಇಡೀ ಗಾಡಿಯ ಜೀವ ಆ ಆಕ್ಸಲ್ಲಿನಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಬಟ್ಲರ್ ತಲುಪಿ ಹಲಗೆಯ ಮುಂದೆ ನಿಂತವನು ಎರಡು ದಿನದಲ್ಲಿ ಗಾಡಿಯ ಪೂರ್ತಿ ನಕ್ಷೆ ಎಳೆದು ಮುಗಿಸಿದ.

ತೂಕದ ಲೆಕ್ಕ ಹಾಕಿದಾಗ ಎಲ್ಲರೂ ಮುಖಮುಖ ನೋಡಿಕೊಂಡರು. ಎಷ್ಟು ಕೂಡಿ ಕಳೆದರೂ 840 ಕಿಲೋ ಆಸುಪಾಸಿಗೇ ಬರುತ್ತಿತ್ತು. ಕಂಪನಿಯ ಪರವಾಗಿ ಅಧಿಕಾರಿಗಳ ನಡುವೆ ಓಡಾಡುತ್ತಿದ್ದ ಚಾರ್ಲ್ಸ್ ಪೇನ್ ಎಂಬಾತ ತಲೆ ಕೆಡಿಸಿಕೊಳ್ಳಲಿಲ್ಲ. ಟೆಂಡರ್ ಕಾಗದದಲ್ಲಿ ಮಿತಿಯೊಳಗಿನ ಅಂಕಿಯನ್ನೇ ಟೈಪು ಮಾಡಿಸಿದ! ಜುಲೈ 22ರಂದು ಲಕೋಟೆ ಸೇನೆಯ ಮೇಜಿನ ಮೇಲೆ ಬಿತ್ತು. ವಿಲ್ಲೀಸ್ ಬರೆದ ಬೆಲೆ ಕಡಿಮೆಯೇ ಇತ್ತು. ಆದರೆ ಅದು 75 ದಿನಗಳ ಅವಧಿ ಕೇಳಿತ್ತು, ತಡವಾದ ದಿನಗಳ ದಂಡ ಸೇರಿಸಿದಾಗ ಬ್ಯಾಂಟಮ್ಮೇ ಅಗ್ಗವಾಯಿತು. ಒಂದು ಸುಳ್ಳು ಅಂಕಿಯ ಬೆನ್ನೇರಿ ಜಗತ್ತಿನ ಮೊದಲ ಜೀಪು ಹುಟ್ಟಿತೆಂದರೆ ಅತಿಶಯೋಕ್ತಿಯಲ್ಲ.

ಅಲ್ಲಿಂದ ಮುಂದೆ ಹೆರಾಲ್ಡ್ ಕ್ರಿಸ್ಟ್ ಎಂಬ ಕಾರ್ಖಾನೆಯ ಮೇಲ್ವಿಚಾರಕನ ಕೈಚಳಕ. ಬಾಗಿದ ತಗಡು ಒತ್ತುವ ಅಚ್ಚು ಮಾಡಿಸಲು ದುಡ್ಡೂ ಇರಲಿಲ್ಲ, ದಿನವೂ ಇರಲಿಲ್ಲ. ಸಿಕ್ಕ ಕಾಂಟಿನೆಂಟಲ್ ಎಂಜಿನ್ನು, ಬೇರೆ ಕಾರಿನಿಂದ ಮಾರ್ಪಡಿಸಿದ ಆಕ್ಸಲ್ಲು, ಕೈಯಲ್ಲೇ ಬಡಿದು ತಿದ್ದಿದ ತಗಡು, ಎಲ್ಲ ಸೇರಿ ಗಾಡಿಯಾಯಿತು. ಸೆಪ್ಟೆಂಬರ್ 23ರ ಸಂಜೆ 5 ಗಂಟೆಯೇ ಗಡುವು. ಹೊಸ ಎಂಜಿನ್ನಿಗೆ ಪೆಟ್ಟಾದೀತೆಂದು ಪ್ರಾಬ್ಸ್ಟ್ ಮತ್ತು ಕ್ರಿಸ್ಟ್ ಬಾಲ್ಟಿಮೋರಿನ ದಾರಿಯಲ್ಲಿ ಮೊದಲು ನಿಧಾನವಾಗಿಯೇ ಹೋದರು. ಗಡಿಯಾರ ನೋಡಿಕೊಂಡಾಗ ಎದೆ ಧಸಕ್ಕೆಂದಿತು. ಕೊನೆಯ ಗುಡ್ಡಗಳಲ್ಲಿ ಗಾಡಿಯನ್ನು ಮನಸಾರೆ ತುಳಿದರು. ಹೊಲಾಬರ್ಡ್ ಶಿಬಿರದ ಗೇಟು ದಾಟಿದಾಗ ಗಡುವಿಗೆ ಅರ್ಧ ಗಂಟೆ ಮಾತ್ರ ಬಾಕಿಯಿತ್ತು.

ಅಲ್ಲಿ ಒಬ್ಬ ಸೇನಾಧಿಕಾರಿ ತೂಕ ಕೇಳಿದ. ಪ್ರಾಬ್ಸ್ಟ್ ಈ ಸಲ ಸುಳ್ಳು ಹೇಳಲಿಲ್ಲ. ಇಬ್ಬರು ಸೇರಿ ಗುಂಡಿಯಿಂದ ಎತ್ತುವಂತಿದ್ದರೆ ಸಾಕೆಂಬ ಮಾತು ಬಂತು. ಆಜಾನುಬಾಹು ಅಶ್ವದಳದವನೊಬ್ಬ ಹಿಂಬದಿಗೆ ಹೋಗಿ, ಬಂಪರಿಗೆ ಕೈ ಹಾಕಿ, ಒಬ್ಬನೇ ಗಾಡಿಯ ಹಿಂಭಾಗವನ್ನು ನೆಲದಿಂದ ಎತ್ತಿ ತಲೆಯಾಡಿಸಿದ ಎಂದು ಪ್ರಾಬ್ಸ್ಟ್ ಮುಂದೆ ನೆನೆಸಿಕೊಂಡ. 590 ಕಿಲೋದ ಹಟ ಅಲ್ಲಿಗೆ ಸಡಿಲವಾಯಿತು. ಆಮೇಲೆ ಮರಳು, ಕೆಸರು, ದಿಮ್ಮಿ ಹಾಸಿದ ದಾರಿಗಳಲ್ಲಿ ಸುಮಾರು 5,500 ಕಿ.ಮೀ. ಓಡಿಸಿ, ಮುರಿಯುವುದೆಲ್ಲ ಮುರಿಯಲೆಂದು ಸೇನೆಯವರು ಗಾಡಿಯನ್ನು ಹಣ್ಣುಮಾಡಿದರು. ಮುರಿದದ್ದನ್ನು ಬಲಪಡಿಸಲಾಯಿತು.

ಗೆದ್ದವನಿಗೇ ಅನ್ಯಾಯವಾದದ್ದು ಇಲ್ಲಿ. ಇಷ್ಟು ಚಿಕ್ಕ ಕಾರ್ಖಾನೆ ಸಾವಿರಾರು ಗಾಡಿ ಮಾಡಲಾರದೆಂದು ಅನುಮಾನಿಸಿದ ಸೇನೆ, ಬ್ಯಾಂಟಮ್ಮಿನ ನಕ್ಷೆಗಳನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ ಕೊಟ್ಟುಬಿಟ್ಟಿತು. ನವೆಂಬರ್ ಮುಗಿಯುವುದರೊಳಗೆ ಇಬ್ಬರ ಮಾದರಿಗಳೂ ಹೊಲಾಬರ್ಡಿನಲ್ಲಿ ನಿಂತಿದ್ದವು.

ವಿಲ್ಲೀಸ್ ಕೂಡ ಬಿದ್ದೆದ್ದ ಮನೆತನವೇ. ಜಾನ್ ವಿಲ್ಲೀಸ್ ಕಟ್ಟಿದ ಆ ಕಂಪನಿ ಒಂದು ಕಾಲಕ್ಕೆ ಅಮೆರಿಕದಲ್ಲಿ ಫೋರ್ಡಿನ ನಂತರದ ಸ್ಥಾನದಲ್ಲಿತ್ತು, 1933ರಲ್ಲಿ ದಿವಾಳಿಯಾಗಿತ್ತು. ಅದರ ಮುಖ್ಯ ಎಂಜಿನಿಯರ್ ಡೆಲ್ಮರ್ ರೂಸ್, ಎಲ್ಲರ ಬಾಯಲ್ಲಿ ಬಾರ್ನಿ ರೂಸ್, 1938ರಲ್ಲಿ ಬಂದಾಗ ಅವನ ಕೈಗೆ ಸಿಕ್ಕಿದ್ದು ದಮ್ಮು ಕಟ್ಟುವ ಹಳೆಯ ನಾಲ್ಕು ಸಿಲಿಂಡರ್ ಎಂಜಿನ್ನು. ನಿಮಿಷಕ್ಕೆ 3,400 ಸುತ್ತಿನ ವೇಗದಲ್ಲಿ ಓಡಿಸಿದರೆ 22 ನಿಮಿಷಕ್ಕೇ ಕೈಕೊಡುತ್ತಿತ್ತು. ರೂಸ್ ಹಟ ಹಿಡಿದ. 4,400 ಸುತ್ತಿನಲ್ಲಿ ಗಂಟೆಗಟ್ಟಲೆ ಓಡಬೇಕು, ಅಲ್ಲಿಯವರೆಗೆ ಬಿಡುವುದಿಲ್ಲ ಎಂದ. ಬೇರಿಂಗು ಸುಟ್ಟಿತು, ವಾಲ್ವು ಸುಟ್ಟಿತು. ಸುಟ್ಟದ್ದನ್ನು ಬಿಚ್ಚಿ, ತಪ್ಪು ಹುಡುಕಿ, ಒಂದೊಂದೇ ಭಾಗ ಬದಲಿಸಿದರು. ಎರಡು ವರ್ಷದ ಈ ಗುದ್ದಾಟದಿಂದ 2.2 ಲೀಟರಿನ, 60 ಅಶ್ವಶಕ್ತಿಯ ಗೋ-ಡೆವಿಲ್ ಎಂಜಿನ್ನು ಹೊರಬಂತು. ಬ್ಯಾಂಟಮ್ಮಿನ ಎಂಜಿನ್ನಿನ ಶಕ್ತಿ 45.

ಶಕ್ತಿಯ ಜೊತೆ ತೂಕವೂ ಬಂದಿತ್ತು. ಸೇನೆ ಮಿತಿಯನ್ನು 980 ಕಿಲೋಗೆ ಏರಿಸಿದ್ದರೂ ವಿಲ್ಲೀಸ್ ಗಾಡಿ ಅದಕ್ಕಿಂತ ಸುಮಾರು 120 ಕಿಲೋ ಹೆಚ್ಚು ತೂಗುತ್ತಿತ್ತು. ಹಗುರ ಎಂಜಿನ್ನು ಹಾಕಿಕೊಂಡು ಸುಮ್ಮನಾಗಬಹುದಿತ್ತು, ರೂಸ್ ಒಪ್ಪಲಿಲ್ಲ. ಇಡೀ ಗಾಡಿಯನ್ನು ಬಿಚ್ಚಿ ಹರವಿ ಒಂದೊಂದು ಬಿಡಿಭಾಗವನ್ನೂ ತಕ್ಕಡಿಗೆ ಹಾಕಿಸಿದ. ನಟ್ಟಿನಾಚೆ ಇಣುಕುವ ಬೋಲ್ಟುಗಳ ತುದಿ ಕತ್ತರಿಸಿದರು, ತಗಡು ತೆಳುವಾಯಿತು, ಬಣ್ಣ ಒಂದೇ ಪದರಕ್ಕೆ ಇಳಿಯಿತು. ಕೊನೆಗೆ ಗಾಡಿ ಮಿತಿಗಿಂತ ಬರೀ 200 ಗ್ರಾಂ ಕಡಿಮೆ ತೂಗಿತಂತೆ. ಮೈಮೇಲೆ ಧೂಳು ಕೂತಿದ್ದರೆ ಸೋಲುತ್ತಿತ್ತು.

1941ರ ಜುಲೈಯಲ್ಲಿ ಒಂದಕ್ಕೆ ಸುಮಾರು 739 ಡಾಲರಿನಂತೆ 16,000 ಗಾಡಿಗಳ ಗುತ್ತಿಗೆ ವಿಲ್ಲೀಸಿಗೆ ಸಿಕ್ಕಿತು. ಬೇಡಿಕೆ ಹೆಚ್ಚಿದಾಗ ಫೋರ್ಡ್ ಕೂಡ ಅದೇ ನಕ್ಷೆಯಲ್ಲಿ ಮಾಡಿತು. ಮುಂಭಾಗದ ಒಂದೇ ತಗಡಿನ ಸೀಳು ಜಾಲರಿ ಫೋರ್ಡಿನ ಉಪಾಯ. ಯುದ್ಧ ಮುಗಿಯುವುದರೊಳಗೆ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಬ್ಯಾಂಟಮ್ 2,700ರ ಆಸುಪಾಸಿನಲ್ಲೇ ನಿಂತು, ಜೀಪಿನ ಹಿಂದೆ ಕಟ್ಟುವ ಟ್ರೇಲರು ಮಾಡುತ್ತ ಕೂತಿತು. ಜೀಪನ್ನು ಸೃಷ್ಟಿಸಿದ್ದು ತಾನೇ ಎಂದು ವಿಲ್ಲೀಸ್ ಜಾಹೀರಾತಿನಲ್ಲಿ ಹೇಳಿಕೊಳ್ಳಕೂಡದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1948ರಲ್ಲಿ ಆದೇಶ ಕೊಟ್ಟಿತು. ಅಷ್ಟು ಹೊತ್ತಿಗೆ ಲೋಕದ ನಾಲಿಗೆಯ ಮೇಲೆ ವಿಲ್ಲೀಸ್ ಕೂತಾಗಿತ್ತು.

ಭಾರತದಲ್ಲಿ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಆ್ಯಂಡ್ ಮೊಹಮ್ಮದ್ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪಿನ ಕೆಲಸಕ್ಕೆ ಕೈಹಾಕಿತು. ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದ ಮೇಲೆ ಅದು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೆ ಬೆಳಗಾವಿಯೇ ಸೇನೆಯ ನೆಲೆಯಾಗಿ, 63ನೇ ಬ್ರಿಗೇಡ್ ಅನಮೋಡದಿಂದ ಮೊಲ್ಲೆಂ ಕಡೆಗೆ ಘಟ್ಟ ಇಳಿದಾಗ ದಂಡಿನ ಸಾಲಿನಲ್ಲೂ ಜೀಪುಗಳಿದ್ದವು.

ಜೀಪು ಸಾಕಿದವರ ಅಭಿಪ್ರಾಯ ಎಂದೂ ಒಂದಾಗಿರಲಿಲ್ಲ. ಜಾಂಬೋಟಿ, ಕಣಕುಂಬಿ ಕಡೆಯವರಿಗೆ ಅದು ದೇವರು ಕೊಟ್ಟ ಗಾಡಿ; ಬೆಳಗಾವಿಯ ಡಾಂಬರಿನಲ್ಲಿ ಓಡಿಸುವವರಿಗೆ ಸೊಂಟ ಮುರಿಯುವ ಪೀಡೆ. ಪೆಟ್ರೋಲ್ ಕುಡಿಯುವುದರಲ್ಲಿ ಅದರ ಸಮಕ್ಕೆ ಇನ್ನೊಂದಿಲ್ಲವೆಂದು ಬೈಯದ ಮಾಲೀಕನಿರಲಿಲ್ಲ. ಒಂದನೇ ಗೇರು ಗಾಡಿ ನಿಂತಾಗಲೇ ಬೀಳಬೇಕು, ಇಲ್ಲವಾದರೆ ಕರಕರ ಹಲ್ಲು ಕಡಿಯುತ್ತಿತ್ತು. ಸ್ಟೇರಿಂಗಿನಲ್ಲಿ ಆಟ ಬಂದರೆ ಮುಂದಿನ ಚಕ್ರಗಳು ಗಡಗಡ ನಡುಗುತ್ತಿದ್ದವು. ಹಳೆಯ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್ಡು. ಅದು ತಿಳಿಯದ ಹೊಸಬ ಪಾನಾ ಹಾಕಿ ಮೈಮೇಲೆ ಬಂದವನಂತೆ ಎಳೆದು ಸ್ಟಡ್ಡನ್ನೇ ಮುರಿದಿಡುತ್ತಿದ್ದ. ಆದರೂ ಮಾರಲು ಮನಸ್ಸು ಬರುತ್ತಿರಲಿಲ್ಲ. ಕಾಡಿನ ನಡುವೆ ಕೆಟ್ಟರೂ ನಾಲ್ಕು ಪಾನಾ, ಒಂದು ತಂತಿ ತುಂಡು ಇದ್ದರೆ ಊರು ಮುಟ್ಟಬಹುದಿತ್ತು. ಬುಷ್ಷು ಸವೆದರೆ ಕಂಪನಿಯ ದಾರಿ ಕಾಯಬೇಕಿರಲಿಲ್ಲ, ಎರಕದ ಕಾರ್ಖಾನೆ, ಲೇತುಗಳೇ ತುಂಬಿದ ಉದ್ಯಮಬಾಗದಲ್ಲಿ ತಿರುಗಿಸಿ ಕೊಡುವವರಿದ್ದರು.

ಗ್ಯಾರೇಜುಗಳಲ್ಲಿ ಮಾತ್ರ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿತ್ತು. ಯುದ್ಧಕಾಲದ ಜೀಪಿನ ಬಾನೆಟ್ಟು ತಗ್ಗು, ಮಟ್ಟಸ. ಮಹೀಂದ್ರ ಜೀಪಿನದು ಅದಕ್ಕಿಂತ ಎದ್ದು ಕಾಣುವಷ್ಟು ಎತ್ತರ. ಏರು ಹತ್ತುವಾಗ ಎದುರಿನ ಗುಂಡಿಯೇ ಕಾಣದೆ ಚಾಲಕ ಪಕ್ಕಕ್ಕೆ ತಲೆ ಚಾಚಬೇಕಾಗುತ್ತಿತ್ತು.

“ಯಾಕ್ರೀ ಮಾಮಾ, ಮಿಲಿಟ್ರಿ ಗಾಡಿದು ಅಷ್ಟ ತಗ್ಗ ಐತಿ, ನಮ್ಮದಕ್ಕ ಇಷ್ಟ ಎತ್ತರ ಯಾಕ?” ಎಂದು ಕಲಿಯುವ ಹುಡುಗರು ಕೇಳಿದರೆ, “ಖಾನಾಪುರದ ಮಳಿ ನೋಡಿ ಎತ್ತರ ಮಾಡ್ಯಾರ ತಮ್ಮಾ, ಇಂಜಿನದಾಗ ನೀರ ಹೋಗಬಾರ್ದಂತ” ಎಂದು ಮಿಸ್ತ್ರಿಗಳು ನಗುತ್ತಿದ್ದರು. ನಮ್ಮ ಬಿಸಿಲಿಗೆ ಗಾಳಿಯಾಡಲೆಂದು ಎತ್ತರಿಸಿದರು ಎನ್ನುವವರಿದ್ದರು. ಅಮೆರಿಕದವರ ನಕಲು ಅನ್ನಿಸಬಾರದೆಂದು ಇಲ್ಲಿನವರು ಬದಲಿಸಿದರು ಎಂದು ಪಣ ಕಟ್ಟುವವರೂ ಇದ್ದರು. ಮೂರೂ ಸುಳ್ಳು. ಆ ಎತ್ತರ ಟೊಲೆಡೊದಲ್ಲೇ ಹುಟ್ಟಿತ್ತು, ಅದರ ಹಿಂದೆಯೂ ಬಾರ್ನಿ ರೂಸ್ ಇದ್ದ.

ಯುದ್ಧದ ನಂತರ ಜೀಪು ಕೊಳ್ಳತೊಡಗಿದವರು ರೈತರು. ಅವರಿಗೆ ಇನ್ನಷ್ಟು ಎಳೆತ ಬೇಕಿತ್ತು. ಗೋ-ಡೆವಿಲ್ ಎಂಜಿನ್ನಿನಲ್ಲಿ ಒಳಗೆ ಬರುವ ಮಿಶ್ರಣದ ವಾಲ್ವು, ಹೊಗೆ ಹೊರಹೋಗುವ ವಾಲ್ವು ಎರಡೂ ಸಿಲಿಂಡರಿನ ಪಕ್ಕದಲ್ಲೇ ಇಕ್ಕಟ್ಟಾಗಿ ಕೂತಿದ್ದವು, ಹೀಗಾಗಿ ಮಿಶ್ರಣ ಸುತ್ತುಬಳಸಿ ಒಳಗೆ ಬರಬೇಕಿತ್ತು. ರೂಸ್ ಸಿಲಿಂಡರಿನ ಅಳತೆಯನ್ನು ಮುಟ್ಟಲಿಲ್ಲ. ಹೊಗೆಯ ವಾಲ್ವನ್ನು ಇದ್ದಲ್ಲೇ ಬಿಟ್ಟು, ಒಳವಾಲ್ವನ್ನು ಮಾತ್ರ ದೊಡ್ಡದು ಮಾಡಿ ಮೇಲಿನ ಹೆಡ್ಡಿಗೆ ಏರಿಸಿದ. ಮಿಶ್ರಣ ನೇರವಾಗಿ ಒಳನುಗ್ಗಿತು, ಅದೇ 2.2 ಲೀಟರಿನಲ್ಲಿ ಶಕ್ತಿ 60ರಿಂದ 70ರ ಮೇಲಕ್ಕೆ ಹೋಯಿತು. ಆದರೆ ಹೆಡ್ಡು ಎತ್ತರವಾಯಿತು, ಅದರ ಮೇಲೆ ಕಾರ್ಬ್ಯುರೇಟರ್ ಬೇರೆ ಕೂತಿತು. ಹರಿಕೇನ್ ಎಂಬ ಆ ಎಂಜಿನ್ನು ತಗ್ಗು ಬಾನೆಟ್ಟಿನಡಿ ಹಿಡಿಯಲೇ ಇಲ್ಲ. ಎಂಜಿನ್ನು ತಗ್ಗುವುದಿಲ್ಲವೆಂದಾದಾಗ ಬಾನೆಟ್ಟನ್ನೇ ಎತ್ತಿದರು. 1953ರ ಸಿಜೆ-3ಬಿ ಮಾದರಿ ಹಾಗೆ ಹುಟ್ಟಿತು.

ಅದೇ ವರ್ಷ ಕೈಸರ್ ಕಂಪನಿ ವಿಲ್ಲೀಸನ್ನು ಕೊಂಡಿತು. ಅಮೆರಿಕದಲ್ಲಿ ಸಿಜೆ-3ಬಿ 1968ಕ್ಕೆ ನಿಂತಿತು. ಮಹೀಂದ್ರ ಅದನ್ನೇ ಹಿಡಿದುಕೊಂಡು ಮುಂದುವರಿಯಿತು. ಪೆಟ್ರೋಲಿನ ಬೈಗುಳ ತಾಳಲಾರದೆ ಮೊದಲು ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನು, ಆಮೇಲೆ 1979ರ ಒಪ್ಪಂದದಲ್ಲಿ ಬಂದ ಫ್ರಾನ್ಸಿನ ಪೆಜೋ ಡೀಸೆಲ್ ಎಂಜಿನ್ನು ಜೀಪಿಗೆ ಬಂದವು. ಪೆಟ್ರೋಲಿನ ಹರಿಕೇನಿಗೆಂದು ರೂಸನ ಕಾಲದವರು ಎತ್ತಿಸಿದ ಆ ಬಾನೆಟ್ಟಿನಡಿಯಲ್ಲೇ ಡೀಸೆಲ್ಲಿಗೂ ಜಾಗ ಸಿಕ್ಕಿತು.